ಡಾಕ್ಟರ್ ಚೀಟಿಯಲ್ಲಿರುವ 'ಎಸ್‌ಒಎಸ್' ತುರ್ತು ಕರೆಯಲ್ಲ: ಲ್ಯಾಟಿನ್ ಕ್ರಿಯಾಪದ ಬಿಡಿಸಿ ಓದುವುದು ಹೇಗೆ?

ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲಿ ಒಂದು ಮಾತ್ರೆಯ ಮುಂದೆ 'ಟಿಡಿಎಸ್' ಎಂದಿರುತ್ತದೆ, ಇನ್ನೊಂದರ ಮುಂದೆ 'ಎಸ್‌ಒಎಸ್' ಎಂದಿರುತ್ತದೆ. ಕೋರ್ಟಿನ ಸುದ್ದಿಯಲ್ಲಿ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಕೇವಿಯೆಟ್ ಎಂಬ ಪದಗಳು ಬರುತ್ತವೆ. ನೋಟರಿ ಬಳಿ ಹೋದರೆ ಅಫಿಡವಿಟ್. ಮೊಬೈಲ್ ತೆರೆದರೆ ವಿಡಿಯೋ, ಆಡಿಯೋ. ಇವೆಲ್ಲದರ ಹಿಂದೆ ಇರುವುದು ಲ್ಯಾಟಿನ್ ಕ್ರಿಯಾಪದಗಳು. ಅರ್ಥ ಗೊತ್ತಿಲ್ಲದಿರುವುದರಿಂದಲೇ ಇವುಗಳ ಸುತ್ತ ಬಗೆಬಗೆಯ ಕಥೆಗಳು ಫಾರ್ವರ್ಡ್ ಆಗುತ್ತಿರುತ್ತವೆ.

ಲ್ಯಾಟಿನ್ ಕ್ರಿಯಾಪದಕ್ಕೆ ನೂರಕ್ಕೂ ಹೆಚ್ಚು ರೂಪಗಳಿವೆ, ಅದನ್ನು ಕಲಿಯುವುದು ಪಂಡಿತರಿಗೆ ಮಾತ್ರ ಸಾಧ್ಯ ಎಂಬ ಮಾತೂ ಇದೆ. ಮೊದಲ ಭಾಗ ನಿಜ. ಎರಡನೆಯದು ನಿಜವಲ್ಲ. ಆ ರೂಪಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ. ಕೆಲವೇ ತುಂಡುಗಳನ್ನು ಜೋಡಿಸಿ ಅವೆಲ್ಲವನ್ನೂ ಕಟ್ಟಬಹುದು. ಆ ಜೋಡಣೆಯ ಕ್ರಮ ಕನ್ನಡ ಬಲ್ಲವರಿಗೆ ಆಗಲೇ ಗೊತ್ತಿದೆ.

ಕನ್ನಡದಲ್ಲೂ ಇದೇ ಲೆಕ್ಕ

'ಮಾಡುತ್ತೇನೆ' ಎಂದು ಯಾರಾದರೂ ಹೇಳಿದರೆ 'ಯಾರು?' ಎಂದು ನಾವು ಕೇಳುವುದಿಲ್ಲ. ಕೊನೆಯ 'ಏನೆ' ನೋಡಿದರೆ ಸಾಕು, ಮಾಡುವವನು 'ನಾನು' ಎಂದು ತಿಳಿಯುತ್ತದೆ. ಮಾಡುತ್ತೀಯ, ಮಾಡುತ್ತಾನೆ, ಮಾಡುತ್ತೇವೆ, ಮಾಡುತ್ತೀರಿ, ಮಾಡುತ್ತಾರೆ: ಎಲ್ಲದರಲ್ಲೂ ಕೊನೆಯ ತುಂಡು ಬದಲಾಗುತ್ತದೆ, ಮೊದಲಿನ 'ಮಾಡು' ಹಾಗೇ ಇರುತ್ತದೆ. ನಡುವಿನ 'ಉತ್ತ' ಕಾಲವನ್ನು ಹೇಳುತ್ತದೆ. ಶಾಲೆಯಲ್ಲಿ ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಂದು ಕಲಿತದ್ದು ಇದನ್ನೇ.

ಲ್ಯಾಟಿನ್‌ನಲ್ಲೂ ಮೂರು ತುಂಡುಗಳು ಇದೇ ಕ್ರಮದಲ್ಲಿ ಬರುತ್ತವೆ: ಮೊದಲು ಧಾತು, ಆಮೇಲೆ ಕಾಲ, ಕೊನೆಗೆ ಯಾರು. ಇಂಗ್ಲಿಷ್ ಮೂಲಕ ಲ್ಯಾಟಿನ್ ಕಲಿಯುವವರಿಗೆ ಇದು ಹೊಸ ಅಭ್ಯಾಸ. ಇಂಗ್ಲಿಷ್‌ನಲ್ಲಿ ಐ, ಯೂ, ವೀ ಎಂದು ಪ್ರತ್ಯೇಕವಾಗಿ ಹೇಳದಿದ್ದರೆ ಯಾರು ಎಂಬುದು ಗೊತ್ತಾಗುವುದಿಲ್ಲ. ನಮಗೆ ಆ ತೊಂದರೆ ಇಲ್ಲ.

ಎರಡು ವ್ಯತ್ಯಾಸ ನೆನಪಿರಲಿ. ಕನ್ನಡದಲ್ಲಿ ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ ಎಂದು ಲಿಂಗಕ್ಕೆ ತಕ್ಕಂತೆ ರೂಪ ಬೇರೆಯಾಗುತ್ತದೆ. ಲ್ಯಾಟಿನ್‌ನಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ರೂಪ. ಹಾಗೆಯೇ ಪ್ರಾಚೀನ ಲ್ಯಾಟಿನ್‌ನಲ್ಲಿ ಗೌರವಕ್ಕೆ ಬಹುವಚನ ಬಳಸುವ ರೂಢಿ ಇರಲಿಲ್ಲ. ಎದುರಿಗಿರುವುದು ಒಬ್ಬರಾದರೆ ಏಕವಚನ, ಹಲವರಾದರೆ ಬಹುವಚನ, ಅಷ್ಟೇ.

ಆರು ಪ್ರತ್ಯಯಗಳು

ವರ್ತಮಾನಕಾಲದಲ್ಲಿ ಬರುವ ಕೊನೆಯ ತುಂಡುಗಳು ಇವು:

- ನಾನು: ಓ (ಕೆಲವು ಕಡೆ ಮ್)
- ನೀನು: ಸ್
- ಅವನು, ಅವಳು, ಅದು: ತ್
- ನಾವು: ಮುಸ್
- ನೀವು: ತಿಸ್
- ಅವರು, ಅವು: ನ್ತ್

ಈಗ 'ಮಂದಾರೆ' ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳೋಣ. ಅರ್ಥ: ಆಜ್ಞಾಪಿಸುವುದು, ವಹಿಸಿಕೊಡುವುದು.

- ಮಂದೋ: ಆಜ್ಞಾಪಿಸುತ್ತೇನೆ
- ಮಂದಾಸ್: ಆಜ್ಞಾಪಿಸುತ್ತೀಯ
- ಮಂದತ್: ಆಜ್ಞಾಪಿಸುತ್ತಾನೆ, ಆಜ್ಞಾಪಿಸುತ್ತಾಳೆ
- ಮಂದಾಮುಸ್: ಆಜ್ಞಾಪಿಸುತ್ತೇವೆ
- ಮಂದಾತಿಸ್: ಆಜ್ಞಾಪಿಸುತ್ತೀರಿ
- ಮಂದಂತ್: ಆಜ್ಞಾಪಿಸುತ್ತಾರೆ

ನಾಲ್ಕನೆಯ ಸಾಲನ್ನು ಮತ್ತೊಮ್ಮೆ ಓದಿ. ಕೋರ್ಟು ಹೊರಡಿಸುವ 'ಮ್ಯಾಂಡಮಸ್' ರಿಟ್ ಅದೇ. ಸರ್ಕಾರಿ ಅಧಿಕಾರಿ ಕಾನೂನಿನ ಪ್ರಕಾರ ಮಾಡಬೇಕಾದ ಕೆಲಸ ಮಾಡದೆ ಕೂತರೆ, 'ಅದನ್ನು ಮಾಡು ಎಂದು ಆಜ್ಞಾಪಿಸುತ್ತೇವೆ' ಎನ್ನುವ ಆದೇಶ ಅದು. ಇಂಗ್ಲೆಂಡಿನಲ್ಲಿ ಇಂಥ ಆದೇಶಗಳು ರಾಜನ ಹೆಸರಿನಲ್ಲಿ ಹೊರಡುತ್ತಿದ್ದವು, ರಾಜ ತನ್ನನ್ನು 'ನಾವು' ಎಂದೇ ಕರೆದುಕೊಳ್ಳುತ್ತಿದ್ದ. ಆ ಬಹುವಚನ ಇಂದಿಗೂ ಹಾಗೇ ಉಳಿದಿದೆ.

ನಾಲ್ಕು ಗುಂಪು, ಮತ್ತು ಕನ್ನಡ ಲಿಪಿಯ ಅನುಕೂಲ

ಲ್ಯಾಟಿನ್ ಕ್ರಿಯಾಪದಗಳಲ್ಲಿ ನಾಲ್ಕು ಗುಂಪುಗಳಿವೆ. ಯಾವ ಪದ ಯಾವ ಗುಂಪಿನದು ಎಂಬುದನ್ನು 'ಮಾಡುವುದು, ನೋಡುವುದು' ಎಂಬಂಥ ಅದರ ಮೂಲರೂಪ ನೋಡಿ ಗುರುತಿಸುತ್ತಾರೆ.

- ಮೊದಲ ಗುಂಪು 'ಆರೆ': ಮಂದಾರೆ (ಆಜ್ಞಾಪಿಸು)
- ಎರಡನೇ ಗುಂಪು 'ಏರೆ': ವಿದೇರೆ (ನೋಡು)
- ಮೂರನೇ ಗುಂಪು 'ಎರೆ': ಸ್ಕ್ರೀಬೆರೆ (ಬರೆ)
- ನಾಲ್ಕನೇ ಗುಂಪು 'ಈರೆ': ಔದೀರೆ (ಕೇಳಿಸಿಕೊ)

ಎರಡನೇ ಮತ್ತು ಮೂರನೇ ಗುಂಪಿನ ನಡುವೆ ಇರುವುದು ಏ ಮತ್ತು ಎ, ಅಂದರೆ ದೀರ್ಘ ಮತ್ತು ಹ್ರಸ್ವದ ವ್ಯತ್ಯಾಸ ಮಾತ್ರ. ರೋಮನ್ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಅದಕ್ಕಾಗಿ ಕಲಿಕೆಯ ಪುಸ್ತಕಗಳಲ್ಲಿ ದೀರ್ಘಸ್ವರದ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ಗೆರೆ ಇಲ್ಲದ ಬರಹದಲ್ಲಿ ಕಲಿಯುವವರು ಇಲ್ಲೇ ಹೆಚ್ಚು ಎಡವುತ್ತಾರೆ. ಕನ್ನಡದಲ್ಲಿ ಎ, ಏ, ಒ, ಓ ನಾಲ್ಕಕ್ಕೂ ಪ್ರತ್ಯೇಕ ಅಕ್ಷರಗಳಿವೆ. ಲ್ಯಾಟಿನ್ ರೂಪಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಉಳಿದ ಮೂರು ಗುಂಪುಗಳ ವರ್ತಮಾನಕಾಲ:

- ನೋಡು: ವಿದೆಓ, ವಿದೇಸ್, ವಿದೆತ್, ವಿದೇಮುಸ್, ವಿದೇತಿಸ್, ವಿದೆಂತ್
- ಬರೆ: ಸ್ಕ್ರೀಬೋ, ಸ್ಕ್ರೀಬಿಸ್, ಸ್ಕ್ರೀಬಿತ್, ಸ್ಕ್ರೀಬಿಮುಸ್, ಸ್ಕ್ರೀಬಿತಿಸ್, ಸ್ಕ್ರೀಬುಂತ್
- ಕೇಳಿಸಿಕೊ: ಔದಿಓ, ಔದೀಸ್, ಔದಿತ್, ಔದೀಮುಸ್, ಔದೀತಿಸ್, ಔದಿಉಂತ್

ಕೊನೆಯ ತುಂಡು ಎಲ್ಲ ಕಡೆ ಒಂದೇ, ಅದಕ್ಕೆ ಮುಂಚಿನ ಸ್ವರ ಮಾತ್ರ ಗುಂಪಿನ ಪ್ರಕಾರ ಬದಲಾಗುತ್ತದೆ. 'ವಿದೆಓ' ಎಂದರೆ ನೋಡುತ್ತೇನೆ, 'ಔದಿಓ' ಎಂದರೆ ಕೇಳಿಸಿಕೊಳ್ಳುತ್ತೇನೆ. ವಿಡಿಯೋ, ಆಡಿಯೋ ಇವೇ ರೂಪಗಳು. ಹಾಗೆಯೇ 'ವೀಟೋ' ಎಂದರೆ ನಾನು ತಡೆಯುತ್ತೇನೆ. ಬಜೆಟ್ ಸುದ್ದಿಯ 'ಡೆಫಿಸಿಟ್' ಎಂದರೆ ಕಡಿಮೆ ಬೀಳುತ್ತದೆ. ಸಿನಿಮಾ ಹಾಲಿನ ಬಾಗಿಲ ಮೇಲಿನ 'ಎಕ್ಸಿಟ್' ಎಂದರೆ ಹೊರಗೆ ಹೋಗುತ್ತಾನೆ, ಹೋಗುತ್ತಾಳೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಬರೆದಿರುವುದು ಪ್ರಾಚೀನ ರೋಮಿನ ಉಚ್ಚಾರಣೆಗೆ ಹತ್ತಿರವಾದದ್ದು. ಚರ್ಚುಗಳಲ್ಲಿ ಬಳಕೆಯಲ್ಲಿರುವ ಉಚ್ಚಾರಣೆ ಬೇರೆ, ನಮ್ಮ ಕೋರ್ಟು ಆಸ್ಪತ್ರೆಗಳಲ್ಲಿ ಕೇಳುವುದು ಇಂಗ್ಲಿಷರ ಉಚ್ಚಾರಣೆ. ಹಾಗಾಗಿ 'ಮಂದಾಮುಸ್' ನಮ್ಮ ಕಿವಿಗೆ 'ಮ್ಯಾಂಡಮಸ್' ಆಗಿ ಬಂದಿದೆ.

ಕಾಲ ಬದಲಾದರೆ?

ನಡುವಿನ ತುಂಡು ಬದಲಾಗುತ್ತದೆ. 'ಮಾಡುತ್ತಿದ್ದೆ' ಎಂಬ ಅರ್ಥಕ್ಕೆ ನಡುವೆ 'ಬಾ' ಸೇರುತ್ತದೆ: ಮಂದಾಬಂ (ಆಜ್ಞಾಪಿಸುತ್ತಿದ್ದೆ), ಮಂದಾಬಾಮುಸ್ (ಆಜ್ಞಾಪಿಸುತ್ತಿದ್ದೆವು). ಈ 'ಬಾ' ನಾಲ್ಕೂ ಗುಂಪಿಗೆ ಬರುತ್ತದೆ.

ಭವಿಷ್ಯತ್ ಕಾಲಕ್ಕೆ ಮೊದಲ ಎರಡು ಗುಂಪಿನಲ್ಲಿ ಬೋ, ಬಿಸ್, ಬಿತ್, ಬಿಮುಸ್, ಬಿತಿಸ್, ಬುಂತ್. ಔಷಧವಿಲ್ಲದ ಮಾತ್ರೆಗೆ ಹೇಳುವ 'ಪ್ಲಸೀಬೋ' ಎಂಬ ಹೆಸರು ಇದರದೇ ಉತ್ತಮಪುರುಷ: ಪ್ಲಕೇ, ಬೋ. ಅರ್ಥ, 'ನಾನು ಮೆಚ್ಚಿಸುವೆನು'. ಮೂರನೇ ಮತ್ತು ನಾಲ್ಕನೇ ಗುಂಪಿನಲ್ಲಿ ಮಾತ್ರ ಭವಿಷ್ಯತ್ತಿಗೆ 'ಬ' ಬರುವುದಿಲ್ಲ: ಸ್ಕ್ರೀಬಂ (ಬರೆಯುವೆನು), ಸ್ಕ್ರೀಬೇಸ್ (ಬರೆಯುವೆ), ಸ್ಕ್ರೀಬೆತ್ (ಬರೆಯುವನು). ಇದು ನಿಜಕ್ಕೂ ನೆನಪಿಡಬೇಕಾದ ಅಪವಾದ.

ಮುಗಿದುಹೋದ ಕೆಲಸಕ್ಕೆ ಬೇರೆ ಆರು ಪ್ರತ್ಯಯಗಳಿವೆ: ಈ, ಇಸ್ತೀ, ಇತ್, ಇಮುಸ್, ಇಸ್ತಿಸ್, ಏರುಂತ್. ಮೊದಲ ಗುಂಪಿನಲ್ಲಿ ಇವುಗಳ ಮುಂದೆ ಸಾಮಾನ್ಯವಾಗಿ 'ವ್' ಸೇರುತ್ತದೆ. 'ಮಂದಾವಿತ್' ಎಂದರೆ ಆಜ್ಞಾಪಿಸಿದನು. 'ಅಫಿಡವಿಟ್' ಇದೇ ಅಚ್ಚಿನ ಮಧ್ಯಯುಗದ ಪದ: 'ಪ್ರಮಾಣ ಮಾಡಿ ಹೇಳಿದ್ದಾನೆ' ಅಥವಾ 'ಹೇಳಿದ್ದಾಳೆ'. ಸಹಿ ಹಾಕುವವರು 'ನಾನು' ಎಂದು ಬರೆದರೂ ಕಾಗದದ ಹೆಸರು ಅವರ ಬಗ್ಗೆ ಬೇರೆಯವರು ಹೇಳುವ ರೂಪದಲ್ಲಿದೆ.

ಕರ್ಮಣಿ ಪ್ರಯೋಗದಲ್ಲಿ, ಅಂದರೆ 'ಮಾಡಲ್ಪಡುತ್ತದೆ' ಎಂಬ ಅರ್ಥದಲ್ಲಿ, 'ರ್' ಸದ್ದು ಕಾಣಿಸಿಕೊಳ್ಳುತ್ತದೆ: ವಿದೆತ್ (ನೋಡುತ್ತಾನೆ), ವಿದೇತುರ್ (ನೋಡಲ್ಪಡುತ್ತಾನೆ).

'ಆಗಲಿ' ಎನ್ನುವ ರೂಪ ಮತ್ತು ನಮ್ಮ ಹಕ್ಕು

ಕನ್ನಡದಲ್ಲಿ 'ಮಾಡುತ್ತಾನೆ' ಬೇರೆ, 'ಮಾಡಲಿ' ಬೇರೆ. ಲ್ಯಾಟಿನ್‌ನಲ್ಲಿ 'ಮಾಡಲಿ' ಎನ್ನಲು ಒಳಗಿನ ಸ್ವರ ಬದಲಿಸುತ್ತಾರೆ. ಮೊದಲ ಗುಂಪಿನಲ್ಲಿ ಅ ಹೋಗಿ ಎ ಬರುತ್ತದೆ: ಮಂದತ್, ಮಂದೆತ್. ಉಳಿದ ಗುಂಪುಗಳಲ್ಲಿ ಅ ಅಥವಾ ಆ ಸೇರುತ್ತದೆ.

'ಹಬೇರೆ' ಎಂದರೆ ಹೊಂದಿರುವುದು. 'ಹಬೇಸ್' ಎಂದರೆ ನಿನ್ನ ಬಳಿ ಇದೆ. 'ಹಬೆಆಸ್' ಎಂದರೆ ನಿನ್ನ ಬಳಿ ಇರಲಿ. ಹೇಬಿಯಸ್ ಕಾರ್ಪಸ್ ಎಂಬುದರ ಶಬ್ದಾರ್ಥ 'ದೇಹ ನಿನ್ನೊಂದಿಗಿರಲಿ', ಅಂದರೆ ಆ ವ್ಯಕ್ತಿಯನ್ನು ನಿನ್ನೊಂದಿಗೆ ಕರೆದು ತಾ. 'ಕಾರ್ಪಸ್' ಎಂಬುದನ್ನು ಕೇಳಿ ಹೆಣ ಎಂದು ತಿಳಿಯುವವರಿದ್ದಾರೆ. ಇಲ್ಲಿ ಮಾತು ಜೀವಂತ ವ್ಯಕ್ತಿಯದು. 'ಸ್' ಎಂಬ ಪ್ರತ್ಯಯ ಮಧ್ಯಮಪುರುಷದ್ದಾದ್ದರಿಂದ ಮಾತು ಯಾರಿಗೆ ಎಂಬುದೂ ತಿಳಿಯುತ್ತದೆ: ಬಂಧನದಲ್ಲಿ ಇಟ್ಟುಕೊಂಡವನಿಗೆ. ಭಾರತದಲ್ಲಿ ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಈ ಅರ್ಜಿ ಹಾಕಬಹುದು. ಬಂಧಿತರ ಪರವಾಗಿ ಮನೆಯವರು, ಸ್ನೇಹಿತರೂ ಸಲ್ಲಿಸಬಹುದು.

'ಕೇವಿಯೆಟ್' ಕೂಡ ಇದೇ ರೂಪ: 'ಎಚ್ಚರದಿಂದಿರಲಿ'. ಜಮೀನು ವ್ಯಾಜ್ಯಗಳಲ್ಲಿ ಇದು ಆಗಾಗ ಕೇಳುವ ಪದ. ಎದುರಾಳಿ ಕೋರ್ಟಿಗೆ ಹೋದಾಗ ತಮ್ಮ ಮಾತನ್ನೂ ಕೇಳದೆ ಆದೇಶ ಕೊಡಬೇಡಿ ಎಂದು ಮೊದಲೇ ಸಲ್ಲಿಸುವ ಅರ್ಜಿ ಇದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಅದು 90 ದಿನ ಮಾತ್ರ ಊರ್ಜಿತ. ಒಮ್ಮೆ ಹಾಕಿದರೆ ಶಾಶ್ವತ ತಡೆ ಸಿಕ್ಕಂತೆ ಎಂಬ ನಂಬಿಕೆ ತಪ್ಪು.

ಔಷಧದ ಚೀಟಿ: ಇಲ್ಲಿ ಅರ್ಥ ತಪ್ಪಿದರೆ ಆರೋಗ್ಯಕ್ಕೇ ಪೆಟ್ಟು

'ಎಸ್‌ಒಎಸ್' ಎಂದರೆ ಇಲ್ಲಿ ಮೂರು ಲ್ಯಾಟಿನ್ ಪದಗಳು: ಸೀ ಒಪುಸ್ ಸಿತ್. ಸೀ ಎಂದರೆ 'ಒಂದು ವೇಳೆ', ಒಪುಸ್ ಎಂದರೆ 'ಅಗತ್ಯ', ಸಿತ್ ಎಂದರೆ 'ಇದ್ದರೆ'. 'ಸಿತ್' ಎಂಬುದು 'ಇರು' ಕ್ರಿಯಾಪದದ 'ಇರಲಿ' ರೂಪ. ಪೂರ್ತಿ ಅರ್ಥ, 'ಅಗತ್ಯ ಬಿದ್ದರೆ ಮಾತ್ರ'. ಹಡಗುಗಳ ಎಸ್‌ಒಎಸ್ ಸಂಕೇತಕ್ಕೂ ಇದಕ್ಕೂ ಸಂಬಂಧವಿಲ್ಲ. 1906ರಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸೇರಿದ ಆ ಸಂಕೇತವನ್ನು ಆರಿಸಿದ್ದು ಮೋರ್ಸ್ ಕೋಡಿನಲ್ಲಿ ಅದು ಸುಲಭವಾಗಿ ಗುರುತಿಸಲು ಬರುತ್ತದೆ ಎಂಬ ಕಾರಣಕ್ಕೆ.

ಹಾಗಾಗಿ ಎಸ್‌ಒಎಸ್ ಎಂದು ಬರೆದ ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕಿಲ್ಲ. 'ಬೇಕೆನಿಸಿದಷ್ಟು ಸಲ ನುಂಗಬಹುದು' ಎಂಬ ಅರ್ಥವೂ ಅದಕ್ಕಿಲ್ಲ. ನೋವಿಗೆ, ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಕೂಡ ಮಿತಿ ಮೀರಿದರೆ ಯಕೃತ್ತಿಗೆ ಹಾನಿ ಮಾಡುತ್ತದೆ. ಎಸ್‌ಒಎಸ್ ಕಂಡರೆ ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿ: ಒಂದು ಸಲ ತೆಗೆದುಕೊಂಡ ಮೇಲೆ ಎಷ್ಟು ಗಂಟೆ ಬಿಡಬೇಕು? ದಿನಕ್ಕೆ ಹೆಚ್ಚೆಂದರೆ ಎಷ್ಟು?

'ಟಿಡಿಎಸ್' ಎಂದರೆ ತೆರ್ ದಿಏ ಸೂಮೆಂದುಂ: ದಿನಕ್ಕೆ ಮೂರು ಸಲ ತೆಗೆದುಕೊಳ್ಳಬೇಕಾದದ್ದು. 'ಸೂಮೆರೆ' ಎಂದರೆ ತೆಗೆದುಕೊಳ್ಳುವುದು. ನಡುವೆ 'ನ್ದ್' ಬಂದರೆ 'ಮಾಡಬೇಕಾದದ್ದು' ಎಂಬ ಅರ್ಥ ಬರುತ್ತದೆ. ಸಭೆಯ 'ಅಜೆಂಡಾ' ಎಂದರೆ ಮಾಡಬೇಕಾದವು, 'ಮೆಮೊರಾಂಡಂ' ಎಂದರೆ ನೆನಪಿಡಬೇಕಾದದ್ದು. ನೇಮಕಾತಿ ಅಧಿಸೂಚನೆಯ ಬೆನ್ನಲ್ಲೇ ಬರುವ 'ಕೊರಿಜೆಂಡಂ' ಎಂದರೆ ತಿದ್ದಬೇಕಾದದ್ದು.

ಚೀಟಿಯ ಎಲ್ಲ ಲ್ಯಾಟಿನ್ ಪದಗಳೂ ಕ್ರಿಯಾಪದಗಳಲ್ಲ. 'ಬಿಡಿ' ಎಂದರೆ ದಿನಕ್ಕೆ ಎರಡು ಸಲ, 'ಓಡಿ' ಎಂದರೆ ದಿನಕ್ಕೆ ಒಂದು ಸಲ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದೇ 'ಓಡಿ' ಬಲಗಣ್ಣು ಎಂದಾಗುತ್ತದೆ. ಈ ಗೊಂದಲದ ಕಾರಣಕ್ಕೇ ಅಮೆರಿಕದ ಔಷಧ ಸುರಕ್ಷತಾ ಸಂಸ್ಥೆ ಐಎಸ್ಎಂಪಿ 'ಓಡಿ'ಯನ್ನು ಅಪಾಯಕಾರಿ ಸಂಕ್ಷೇಪಗಳ ಪಟ್ಟಿಯಲ್ಲಿ ಇಟ್ಟಿದೆ. ಆಸ್ಪತ್ರೆಯ 'ಸ್ಟ್ಯಾಟ್' ಇನ್ನೊಂದು ಉದಾಹರಣೆ. ಕೊನೆಯಲ್ಲಿ 'ತ್' ಇರುವುದರಿಂದ 'ನಿಲ್ಲುತ್ತಾನೆ' ಎಂಬ ಕ್ರಿಯಾಪದದಂತೆ ಕಂಡರೂ ಅದು 'ಸ್ತತಿಂ' ಎಂಬ ಅವ್ಯಯದ ಸಂಕ್ಷೇಪ: 'ತಕ್ಷಣ'. ಪ್ರತ್ಯಯ ಗೊತ್ತಿದ್ದರೆ ಅರ್ಥದ ಸುಳಿವು ಸಿಗುತ್ತದೆ. ಆದರೆ ಔಷಧದ ವಿಷಯದಲ್ಲಿ ಸುಳಿವನ್ನು ನಂಬಿ ನುಂಗಬೇಡಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಫಾರ್ವರ್ಡ್‌ಗಳಲ್ಲಿ ಬರುವ ಎರಡು ಹೇಳಿಕೆ

*ಹೇಳಿಕೆ 1: ಚೀಟಿಯ ಮೇಲಿನ 'ಆರ್‌ಎಕ್ಸ್' ಗುರುಗ್ರಹದ ಚಿಹ್ನೆ, ಅಥವಾ ಈಜಿಪ್ಟಿನ ದೇವರು ಹೋರಸ್‌ನ ಕಣ್ಣು.*

ಈ ಕಥೆಗಳು ಹಳೆಯವು, ಆದರೆ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ವಿವರಣೆ ಸರಳವಾಗಿದೆ. ಅದು 'ರೆಕಿಪೆ' ಎಂಬ ಪದದ ಮೊದಲ ಅಕ್ಷರ. 'ರೆಕಿಪೆರೆ' ಎಂದರೆ ತೆಗೆದುಕೊಳ್ಳುವುದು, 'ರೆಕಿಪೆ' ಅದರ ಆಜ್ಞಾರೂಪ: 'ತೆಗೆದುಕೋ'. ಔಷಧ ತಯಾರಿಸುವವನಿಗೆ 'ಇದನ್ನಿಷ್ಟು ತೆಗೆದುಕೋ, ಅದನ್ನಿಷ್ಟು ತೆಗೆದುಕೋ' ಎಂದು ಹೇಳುತ್ತಿದ್ದ ಮಾತು ಅದು. ಅಕ್ಷರದ ಕಾಲಿಗೆ ಅಡ್ಡಲಾಗಿ ಎಳೆದ ಗೆರೆ ಇದು ಸಂಕ್ಷೇಪ ಎಂದು ತೋರಿಸಲು ಹಿಂದಿನ ಬರಹಗಾರರು ಬಳಸುತ್ತಿದ್ದ ಗುರುತು. ಅಡುಗೆಯ 'ರೆಸಿಪಿ'ಯೂ ಇದೇ ಪದ.

*ಹೇಳಿಕೆ 2: ಕ್ರಿಯಾಪದಗಳ ಹೋಲಿಕೆಯೇ ಸಾಕ್ಷಿ, ಲ್ಯಾಟಿನ್ ಹುಟ್ಟಿದ್ದು ಸಂಸ್ಕೃತದಿಂದ.*

ಹೋಲಿಕೆ ನಿಜ, ತೀರ್ಮಾನ ತಪ್ಪು. 'ಇರು' ಕ್ರಿಯಾಪದ ನೋಡಿ. ಸಂಸ್ಕೃತದಲ್ಲಿ ಅಸ್ಮಿ, ಅಸಿ, ಅಸ್ತಿ, ಸ್ಮಃ, ಸ್ಥ, ಸಂತಿ. ಲ್ಯಾಟಿನ್‌ನಲ್ಲಿ ಸುಂ, ಎಸ್, ಎಸ್ತ್, ಸುಮುಸ್, ಎಸ್ತಿಸ್, ಸುಂತ್. ನಾವು ಬಳಸುವ ಅಸ್ತಿತ್ವ, ನಾಸ್ತಿಕ ಎಂಬ ಪದಗಳೊಳಗಿನ 'ಅಸ್ತಿ'ಯೇ ಇದು. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಇಂಥ ಹೋಲಿಕೆಯನ್ನು ಎತ್ತಿ ತೋರಿಸಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದರು. ಅಂದರೆ ಇವು ತಾಯಿ ಮಗಳಲ್ಲ, ಅಕ್ಕತಂಗಿಯರು.

ಅದನ್ನು ಹೇಗೆ ಹೇಳುತ್ತಾರೆ? ಸ್ವರಗಳನ್ನು ನೋಡಿ. ಸಂಸ್ಕೃತದ ಅಸ್ತಿ, ಅಷ್ಟ, ದಶ ಮೂರೂ 'ಅ'ದಿಂದಲೇ ನಡೆಯುತ್ತವೆ. ಲ್ಯಾಟಿನ್‌ನಲ್ಲಿ ಅವು ಎಸ್ತ್, ಒಕ್ತೋ, ದೆಕೆಂ. ಗ್ರೀಕಿನಲ್ಲಿ ಎಸ್ತಿ, ಒಕ್ತೋ, ದೆಕ. ಒಂದೇ 'ಅ' ಸ್ವರ ಎರಡು ಬೇರೆ ಭಾಷೆಗಳಲ್ಲಿ ಒಂದೇ ಜಾಗದಲ್ಲಿ 'ಎ' ಆಗಿ, ಇನ್ನೊಂದೇ ಜಾಗದಲ್ಲಿ 'ಒ' ಆಗಿ ಒಡೆಯಿತು ಎನ್ನುವುದಕ್ಕಿಂತ, ಮೂಲದಲ್ಲಿದ್ದ ಎ, ಒ, ಅ ಮೂರೂ ಸಂಸ್ಕೃತದ ಕಡೆ 'ಅ' ಆಗಿ ಸೇರಿಹೋದವು ಎನ್ನುವುದೇ ಸರಿಹೊಂದುತ್ತದೆ. ಕನ್ನಡ ದ್ರಾವಿಡ ಕುಟುಂಬದ ಭಾಷೆ. ಲ್ಯಾಟಿನ್ ಜೊತೆ ಅದಕ್ಕಿರುವುದು ರಚನೆಯ ಹೋಲಿಕೆ, ರಕ್ತಸಂಬಂಧವಲ್ಲ.

ಕಲಿಯಲು ಒಂದು ಸುಲಭ ಕ್ರಮ

1. ಆರು ಪ್ರತ್ಯಯಗಳನ್ನು ಮಗ್ಗಿಯಂತೆ ಗಟ್ಟಿಯಾಗಿ ಹೇಳಿ: ಓ, ಸ್, ತ್, ಮುಸ್, ತಿಸ್, ನ್ತ್.
2. ದಿನಕ್ಕೆ ಒಂದೇ ಕ್ರಿಯಾಪದ ತೆಗೆದುಕೊಳ್ಳಿ. ಮೂಲರೂಪ ನೋಡಿ ಗುಂಪು ಗುರುತಿಸಿ, ಆರೂ ರೂಪ ಬರೆಯಿರಿ. ನಿಘಂಟಿನಲ್ಲಿ ಮೊದಲು ಸಿಗುವುದು ಮೂಲರೂಪವಲ್ಲ, 'ನಾನು' ರೂಪ ಎಂಬುದು ನೆನಪಿರಲಿ.
3. ವರ್ತಮಾನ ಸಲೀಸಾದ ಮೇಲೆ 'ಬಾ', 'ಬೋ', ಆಮೇಲೆ ಮುಗಿದ ಕಾಲ.
4. ಓದುವಾಗ ಕೊನೆಯಿಂದ ಬಿಡಿಸಿ. ಕೊನೆ: ಯಾರು? ನಡು: ಯಾವಾಗ? ಮೊದಲು: ಏನು?
5. ಇರು, ಹೋಗು, ಬಯಸು, ಹೊರು ಎಂಬ ಅರ್ಥದ ಕೆಲವು ಪದಗಳು ನಿಯಮ ಮೀರುತ್ತವೆ. ಅವನ್ನು ಮಾತ್ರ ಬಾಯಿಪಾಠ ಮಾಡಿ.

ವಿಕ್ಷನರಿಯ ಇಂಗ್ಲಿಷ್ ಆವೃತ್ತಿಯಲ್ಲಿ ಲ್ಯಾಟಿನ್ ಕ್ರಿಯಾಪದಗಳ ಪೂರ್ತಿ ಪಟ್ಟಿ ಉಚಿತವಾಗಿ ಸಿಗುತ್ತದೆ. ಪುಸ್ತಕ ಬೇಕೆಂದರೆ 1956ರಲ್ಲಿ ಮೊದಲು ಬಂದ ವೀಲಾಕ್ ಅವರ ಪಠ್ಯ ಇಂದಿಗೂ ಬಳಕೆಯಲ್ಲಿದೆ.

ಒಂದು ಪರೀಕ್ಷೆ: 'ವಿದೇಬುಂತ್' ಎಂದರೇನು? ಕೊನೆಯಲ್ಲಿ ನ್ತ್, ಅವರು. ನಡುವೆ ಬು, ಭವಿಷ್ಯತ್. ಮೊದಲು ವಿದೇ, ನೋಡು. ಉತ್ತರ: ನೋಡುವರು. ಈಗ 'ಲಬೋರಾಬಾಮುಸ್' ನೀವೇ ಬಿಡಿಸಿ. 'ಲಬೋರಾರೆ' ಎಂದರೆ ದುಡಿಯುವುದು. ಉತ್ತರ 'ದುಡಿಯುತ್ತಿದ್ದೆವು' ಎಂದು ಬಂದರೆ ಪಾಠ ದಕ್ಕಿದೆ.

ಹಂಚುವ ಮುನ್ನ

'ಪ್ರೊಪಗಾಂಡಾ' ಪದದಲ್ಲೂ ಆ 'ನ್ದ್' ಇದೆ: ಹರಡಬೇಕಾದದ್ದು. 1622ರಲ್ಲಿ ಕ್ರೈಸ್ತಮತ ಪ್ರಸಾರಕ್ಕಾಗಿ ರೋಮಿನಲ್ಲಿ ಸ್ಥಾಪಿಸಿದ ಮಂಡಳಿಯ ಹೆಸರಿನಿಂದ ಆ ಪದ ಬಳಕೆಗೆ ಬಂತು, ಇಂದಿನ ಕೆಟ್ಟ ಅರ್ಥ ಆಮೇಲೆ ಅಂಟಿಕೊಂಡಿತು. 'ಎಲ್ಲರಿಗೂ ಹರಡಿ' ಎಂದು ಕೊನೆಯಾಗುವ ಸಂದೇಶ ಬಂದಾಗ, ಅದರಲ್ಲಿ ಯಾರು, ಯಾವಾಗ, ಏನು ಎಂಬ ಮೂರಕ್ಕೂ ಉತ್ತರ ಇದೆಯೇ ನೋಡಿ. ಮನೆಯವರ ಔಷಧದ ಚೀಟಿಯಲ್ಲಿ ಎಸ್‌ಒಎಸ್ ಎಂದಿದ್ದರೆ, ಅದರ ಅರ್ಥ ಅವರಿಗೆ ಗೊತ್ತಿದೆಯೇ ಎಂದು ಇವತ್ತೇ ಕೇಳಿ.